ಖಾತೆಗೆ ಹಣ ಬಂತು, ಬಾಗಿಲಿಗೆ ಬರುವವರು ಯಾರು?

ಅರಕಲಗೂಡು ಸೀಮೆಯಲ್ಲಿ ಮಳೆಗಾಲ ಕಾಲೂರಿತೆಂದರೆ ಹೊಗೆಸೊಪ್ಪಿನ ಮನೆಗಳಿಗೆ ಪುರುಸೊತ್ತಿಲ್ಲ. ಎಲೆ ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್‌ಗೆ ಏರಿಸಿ ರಾತ್ರಿಯೆಲ್ಲ ಬೆಂಕಿಯ ಹದ ಕಾಯಬೇಕು. ಬೇಯಿಸಿದ ಸೊಪ್ಪು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗಿ ಬೆಲೆ ಕಾಣುವವರೆಗೆ ಮನೆಯಲ್ಲಿ ಕೈ ಇರುವವರೆಲ್ಲ ಕೆಲಸದವರೇ. ಅಜ್ಜಿ ಕಟ್ಟುತ್ತಾಳೆ, ಸೊಸೆ ಕಟ್ಟುತ್ತಾಳೆ, ಶಾಲೆ ಬಿಟ್ಟು ಬಂದ ಹುಡುಗಿಯೂ ಕಟ್ಟುತ್ತಾಳೆ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ ಎಂಬುದು ವೈದ್ಯರಿಗೆ ಗೊತ್ತು; ಕಟ್ಟುವವರಿಗೆ ಗೊತ್ತಿರುವುದು ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ ಎಂದಷ್ಟೇ. 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ ಎನ್ನುವ ಕಾನೂನು, ಶಾಲೆ ಮುಗಿದ ಮೇಲೆ ಮನೆಯವರ ಕಸುಬಿಗೆ ನೆರವಾಗಬಹುದು ಎಂದು 2016ರ ತಿದ್ದುಪಡಿಯಲ್ಲಿ ಒಂದು ಕಿಂಡಿ ಬಿಟ್ಟಿತು. ಅಪಾಯಕಾರಿ ಕೆಲಸಕ್ಕೆ ಆ ಕಿಂಡಿ ಇಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ನೆರವು ಎಲ್ಲಿಗೆ ಮುಗಿಯಿತು, ದುಡಿಮೆ ಎಲ್ಲಿ ಶುರುವಾಯಿತು ಎಂದು ಜಗಲಿಯ ಮೇಲೆ ಗೆರೆ ಎಳೆಯುವವರು ಯಾರು?

ಕಾರ್ಮಿಕ ಇಲಾಖೆಯ ನಿರೀಕ್ಷಕರು ಊರೂರಿನ ಜಗಲಿಗೆ ಬರಲಾರರು. ಬರುವವರು ಒಬ್ಬರೇ, ಅಂಗನವಾಡಿ ಟೀಚರ್. ಅವರೂ ಬಂದಿರುವುದು ಬೇರೆ ಕೆಲಸಕ್ಕೆ: ಮನೆಯ ಕೂಸಿನ ತೂಕ ಈ ತಿಂಗಳು ದಾಖಲಾಗಿಲ್ಲ, ಬಾಣಂತಿ ಊಟಕ್ಕೆ ಬಂದಿಲ್ಲ. ಆ ನೆಪದಲ್ಲಿ ಮನೆಯ ಉಳಿದದ್ದೂ ಅವರ ಕಣ್ಣಿಗೆ ಬೀಳುತ್ತದೆ. ದೊಡ್ಡ ಹುಡುಗಿ ಶಾಲೆಗೆ ಹೋಗುತ್ತಿಲ್ಲ. ಗಂಡ ಕುಡಿದು ಬಂದು ರಂಪ ಮಾಡಿದ್ದಾನೆ. ಅತ್ತೆ ಯಾವುದೋ ಸಂಬಂಧದ ಮಾತೆತ್ತುತ್ತಿದ್ದಾಳೆ. ಮಕ್ಕಳ ಕಲ್ಯಾಣ ಎಂದು ಸರ್ಕಾರ ಕರೆಯುವ ದೊಡ್ಡ ವ್ಯವಸ್ಥೆಗೆ ಕಣ್ಣು ಇರುವುದು ಇಲ್ಲಿ. ಅಧಿಕಾರ ಮಾತ್ರ ಇಲ್ಲಿಲ್ಲ. ಅದು ಮೂವತ್ತು ಕಿಲೋಮೀಟರ್ ಆಚೆ ಹಾಸನದಲ್ಲಿ, ಮೊಹರು ಇರುವ ಮೇಜುಗಳ ಹಿಂದೆ ಕುಳಿತಿದೆ.

ಕಳೆದ ಇಪ್ಪತ್ತು ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಒಂದು ವಿದ್ಯೆಯನ್ನು ಚೆನ್ನಾಗಿ ಕಲಿತಿದೆ. ಕುಟುಂಬದ ಬ್ಯಾಂಕ್ ಖಾತೆಗೆ ಹಣ ತಲುಪಿಸುವ ವಿದ್ಯೆ ಅದು. ಕುಟುಂಬದ ಬಾಗಿಲಿಗೆ ಒಬ್ಬ ಮನುಷ್ಯರನ್ನು ಕಳುಹಿಸುವ ವಿದ್ಯೆ ಅಷ್ಟು ಬೆಳೆಯಲಿಲ್ಲ. ಬಾಗಿಲಿಗೆ ಹೋಗುತ್ತಿರುವ ಒಬ್ಬರನ್ನಾದರೂ ಸರ್ಕಾರ ತನ್ನ ನೌಕರರೆಂದು ಒಪ್ಪಿಕೊಂಡಿಲ್ಲ.

ಕಾವೇರಿ ದಂಡೆಯ ಹಳೆಯ ಲೆಕ್ಕ

ಮನೆಯೊಳಗಿನ ಮಗುವಿನ ವಿಷಯಕ್ಕೆ ಸರ್ಕಾರ ಕೈಹಾಕುವುದು ಈ ಸೀಮೆಗೆ ಹೊಸತಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಶಿಶು ವಿವಾಹ ತಡೆಯುವ ಕಾಯ್ದೆ ತಂದಿತ್ತು. ಚಾಮರಾಜೇಂದ್ರ ಒಡೆಯರ ಕಾಲ, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಎಂಟು ವರ್ಷದೊಳಗಿನ ಹೆಣ್ಣುಮಗುವಿಗೆ ಮದುವೆ ಮಾಡುವಂತಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವಂತಿಲ್ಲ. ಇಂದು ಓದಿದರೆ ಮೈ ಜುಮ್ಮೆನ್ನುವ ಮಿತಿಗಳು. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬರುವುದಕ್ಕೆ ಮೂವತ್ತೈದು ವರ್ಷ ಮೊದಲಿನ ಮಾತಿದು.

ಅಂಗನವಾಡಿ ಬಂದದ್ದು ಸ್ವಾತಂತ್ರ್ಯದ ಬಹಳ ನಂತರ, 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದ ಪಾಲಿಗೆ ಸಿಕ್ಕ ಊರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ರಾಮನಾಥಪುರದ ಸ್ನಾನಘಟ್ಟ ದಾಟಿದ ಕಾವೇರಿ ಕೆಳಗೆ ಹರಿದು ಕಪಿಲೆಯನ್ನು ಕೂಡುವ ಊರದು. ಅಲ್ಲಿಂದ ತಾಲ್ಲೂಕು ತಾಲ್ಲೂಕಿಗೆ ಹಬ್ಬಿದ ಯೋಜನೆಗೆ ವೇಗ ಕೊಟ್ಟದ್ದು ಸುಪ್ರೀಂ ಕೋರ್ಟು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ 2001ರ ನವೆಂಬರ್‌ನಲ್ಲಿ ಪ್ರತಿ ಜನವಸತಿಗೂ ಅಂಗನವಾಡಿ ಬೇಕು ಎಂದಿತು; 2006ರಲ್ಲಿ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಕೇರಿಯೋ ಹಟ್ಟಿಯೋ ಕೇಳಿದರೆ ಕೇಂದ್ರ ತೆರೆಯಲೇಬೇಕು ಎಂದಿತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಂಚೆ ಕಚೇರಿ ಇಲ್ಲದ, ಬಸ್ಸು ಬಾರದ ಊರಿನಲ್ಲೂ ಸರ್ಕಾರದ್ದೆಂದು ಹೇಳಿಕೊಳ್ಳಲು ಈ ಒಂದು ಕೋಣೆ ಇರುತ್ತದೆ.

ಆ ಕೋಣೆಯಲ್ಲಿ ನಡೆಯುವುದೇನು? ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಪಾಠ, ಊಟ, ವಾರಕ್ಕೆ ಎರಡು ಮೊಟ್ಟೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿಲಿ ಹಾಲು. (ಕೊಟ್ಟಿಗೆಯಲ್ಲಿ ಹಸು, ಮೂಲೆಯಲ್ಲಿ ಡೇರಿ ಇರುವ ಹಾಸನದ ಊರುಗಳಲ್ಲೂ ಈ ಹಾಲು ಬರುವುದು ಪುಡಿಯಾಗಿ, ಬಿಸಿನೀರಿಗೆ ಕಲಸಿ ಕೊಡುವುದು.) ಮೂರು ವರ್ಷದೊಳಗಿನ ಕೂಸುಗಳಿಗೆ ಮನೆಗೆ ಒಯ್ಯುವ ಪುಷ್ಟಿ ಹಿಟ್ಟು. ತಾಯಿ ಕಾರ್ಡು, ಚುಚ್ಚುಮದ್ದಿನ ದಿನ, ತೂಕ, ಎತ್ತರ. ಪೋಷಣ್ ಅಭಿಯಾನ ಬಂದ ಮೇಲೆ ಬಸುರಿಯರಿಗೆ ಸೀಮಂತ, ಕೂಸುಗಳಿಗೆ ಅನ್ನಪ್ರಾಶನ. ಅರಿಸಿನ ಕುಂಕುಮ, ಹಸಿರು ಬಳೆ ಇಟ್ಟು ಸರ್ಕಾರವೇ ಸೀಮಂತ ಮಾಡುವುದು ನೋಡಲು ತಮಾಷೆ ಎನಿಸಬಹುದು. ಆದರೆ ತವರು ಬಡವಾಗಿ ಆ ಶಾಸ್ತ್ರವೇ ಇಲ್ಲದೆ ಹೆತ್ತ ಹೆಣ್ಣುಮಕ್ಕಳಿಗೆ ಅದು ತಮಾಷೆಯಲ್ಲ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಶುರುವಾದ ಮಾತೃಪೂರ್ಣವನ್ನು ಸ್ವಲ್ಪ ನಿಂತು ನೋಡಬೇಕು. ಗರ್ಭಿಣಿಯರು ಮತ್ತು ಬಾಣಂತಿಯರು ದಿನವೂ ಅಂಗನವಾಡಿಗೆ ಬಂದು ಮಧ್ಯಾಹ್ನದ ಬಿಸಿಯೂಟ ಉಣ್ಣಬೇಕು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ಜೊತೆಗೆ ಕಬ್ಬಿಣಾಂಶದ ಮಾತ್ರೆ. ಮನೆಗೆ ಕೊಟ್ಟ ರೇಷನ್ ಇಡೀ ಸಂಸಾರದ ತಟ್ಟೆಗೆ ಹಂಚಿಹೋಗಿ ಬಸುರಿಯ ಪಾಲಿಗೆ ಚಿಟಿಕೆ ಉಳಿಯುತ್ತದೆ ಎಂಬ ಅನುಭವದಿಂದ ಹುಟ್ಟಿದ ಯೋಜನೆ. ಲೆಕ್ಕ ಸರಿಯೇ. ಆದರೆ ಹೆತ್ತ ಮೇಲೆ ತಿಂಗಳುಗಟ್ಟಲೆ ಹೊಸಿಲು ದಾಟದ ಬಾಣಂತಿತನದ ರೂಢಿ, ಮಲೆನಾಡಿನ ಅಂಚಿನಲ್ಲಿ ಗುಡ್ಡ ಇಳಿದು ಹತ್ತಬೇಕಾದ ದಾರಿ, ‘ಊಟಕ್ಕೆ ಹೋಗುತ್ತಾಳಂತೆ’ ಎಂಬ ಕೇರಿಯ ಕೊಂಕು, ಬೆಳಗ್ಗೆಯೇ ಜೀಪು ಹತ್ತಿ ತೋಟಕ್ಕೆ ಹೋಗುವ ಕೂಲಿ, ಇವು ಯಾವುವೂ ಆ ಲೆಕ್ಕದೊಳಗೆ ಬಂದಿರಲಿಲ್ಲ. ಮನೆಮನೆಗೆ ಹೋಗಿ ‘ಬಾರಮ್ಮ, ನಿನ್ನ ಪಾಲಿನದು ತಿಂದು ಹೋಗು’ ಎಂದು ಒಲಿಸುವ ಕೆಲಸ ಟೀಚರ್ ತಲೆಗೆ ಬಿತ್ತು. ಮೊಟ್ಟೆಯ ದರ ಸರ್ಕಾರ ನಿಗದಿ ಮಾಡಿದ್ದಕ್ಕಿಂತ ಮೇಲೇರಿದ ವಾರಗಳಲ್ಲಿ ವ್ಯತ್ಯಾಸ ಅವರ ಕೈಯಿಂದಲೇ. ಬಿಲ್ಲು ಪಾಸಾಗಿ ಬಾಲ ವಿಕಾಸ ಸಮಿತಿಯ ಖಾತೆಗೆ ಹಣ ಬರುವವರೆಗೆ ಅಂಗಡಿಯವನ ಸಾಲದ ಪುಸ್ತಕದಲ್ಲಿ ಅವರದೇ ಹೆಸರು.

ಇಷ್ಟೆಲ್ಲ ನಡೆದೂ ಮಗುವಿನ ಎತ್ತರ ಏನು ಹೇಳುತ್ತದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು 2015-16ರಲ್ಲಿ ಶೇ 36.2 ಇದ್ದರು, ಐದನೇ ಸುತ್ತಿನ ಸಮೀಕ್ಷೆಯಲ್ಲಿ ಶೇ 35.4. ಎತ್ತರಕ್ಕೆ ತಕ್ಕ ತೂಕವಿಲ್ಲದ ಮಕ್ಕಳ ಪ್ರಮಾಣ ಶೇ 26.1ರಿಂದ 19.5ಕ್ಕೆ ಇಳಿದಿದೆ, ಇದು ನಿಜವಾದ ಗಳಿಕೆ. ರಕ್ತಹೀನತೆ ಮಾತ್ರ ಏರಿದೆ. ಎತ್ತರ ಕುಂಠಿತವಾಗುವುದು ಎರಡು ವರ್ಷದೊಳಗೆ, ಮಗು ಇನ್ನೂ ಅಂಗನವಾಡಿಯ ಹೊಸಿಲು ಮೆಟ್ಟದ ವಯಸ್ಸಿನಲ್ಲಿ. ಆ ವಯಸ್ಸಿಗೆ ಬೇಕಾದ್ದು ಮನೆಗೆ ಬಂದು ತಾಯಿಯ ಜೊತೆ ಕೂತು ಮಾತಾಡುವ ಒಂದು ಜೀವ. ಟೀಚರ್ ಆ ಹೊತ್ತಿಗೆ ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ತೆರೆಯಲು ನೆಟ್‌ವರ್ಕ್ ಹುಡುಕುತ್ತಾ ನಿಂತಿರುತ್ತಾರೆ. ಈಚೆಗಂತೂ ಪುಷ್ಟಿ ಪೊಟ್ಟಣ ಕೊಡಲೂ ತಾಯಿಯ ಮುಖ ಫೋನಿಗೆ ಹೊಂದಬೇಕು.

ಬಾಂಡು, ಖಾತೆ, ಕಂತು

ಹಣದ ಕಥೆ ಇದಕ್ಕಿಂತ ಸಲೀಸು. 2006-07ರಲ್ಲಿ ಭಾಗ್ಯಲಕ್ಷ್ಮಿ ಬಂತು. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಎಲ್‌ಐಸಿಯಲ್ಲಿ ಹತ್ತು ಸಾವಿರ ಠೇವಣಿ ಇಟ್ಟಿತು. 2008ರ ಆಗಸ್ಟ್‌ನಿಂದ ಅದು ಮೊದಲ ಮಗುವಿಗೆ 19,300, ಎರಡನೆಯದಕ್ಕೆ 18,350 ಆಯಿತು. ಹದಿನೆಂಟು ತುಂಬಿದಾಗ ಲಕ್ಷ ರೂಪಾಯಿ. ಷರತ್ತುಗಳಿದ್ದವು: ಚುಚ್ಚುಮದ್ದು ಹಾಕಿಸಬೇಕು, ಅಂಗನವಾಡಿಗೆ ಸೇರಿಸಬೇಕು, ಓದಿಸಬೇಕು, ದುಡಿಮೆಗೆ ಹಾಕಬಾರದು, ಹದಿನೆಂಟಕ್ಕೆ ಮುಂಚೆ ಮದುವೆ ಮಾಡಬಾರದು. ಹಳ್ಳಿಮನೆಗಳಲ್ಲಿ ಆ ಬಾಂಡು ಜಮೀನಿನ ಪಹಣಿ, ಪಡಿತರ ಚೀಟಿಗಳ ಜೊತೆ ಟ್ರಂಕಿನ ತಳ ಸೇರಿತು. ಮೊದಲ ತಂಡದ ಹುಡುಗಿಯರಿಗೆ 2024ರಲ್ಲಿ ಹದಿನೆಂಟು ತುಂಬಿತು. ಅವರದು ಹತ್ತು ಸಾವಿರದ ಠೇವಣಿಯಾದ್ದರಿಂದ ಲಕ್ಷ ಕೈಗೆ ಬರಲಿಲ್ಲ. ‘ಲಕ್ಷ ಅಂದಿದ್ರಲ್ಲಾ ಟೀಚರ್?’ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರೆಂದು ಬೇರೆ ಹೇಳಬೇಕಿಲ್ಲ. ಲಕ್ಷದ ಬಾಂಡಿನವರ ಸರದಿ 2026ರ ಆಗಸ್ಟ್‌ನಿಂದ. 2008ರಲ್ಲಿ ಹತ್ತು ಗ್ರಾಂ ಚಿನ್ನಕ್ಕೆ ಹದಿಮೂರು ಸಾವಿರದ ಆಸುಪಾಸು ಇತ್ತು, 2025ರಲ್ಲಿ ಅದು ಲಕ್ಷ ದಾಟಿತು. ಹೆಣ್ಣುಮಕ್ಕಳ ತಾಯಂದಿರು ಯಾವ ಮೊತ್ತವನ್ನಾದರೂ ಅಳೆಯುವುದು ಚಿನ್ನದಲ್ಲೇ. 2020-21ರಿಂದ ಯೋಜನೆ ಅಂಚೆ ಇಲಾಖೆಯ ಸುಕನ್ಯಾ ಸಮೃದ್ಧಿಗೆ ಸೇರಿಕೊಂಡಿದೆ: ವರ್ಷಕ್ಕೆ ಮೂರು ಸಾವಿರದಂತೆ ಹದಿನೈದು ವರ್ಷ ಸರ್ಕಾರ ಕಟ್ಟುತ್ತದೆ.

ಆಮೇಲೆ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ, ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ಈ ಹಣ ಮಕ್ಕಳ ಹೆಸರಿನದಲ್ಲ, ಆದರೆ ಮಗುವಿನ ಟ್ಯೂಷನ್ನು, ಔಷಧಿ, ಚೀಟಿ ಕಂತಿಗೆ ಹೋಗುವುದು ಇದೇ. ಯೋಜನೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದಾದ್ದರಿಂದ ಕಂತು ತಡವಾದ ತಿಂಗಳು ಜನ ಬರುವುದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ. ಆಧಾರ್ ಜೋಡಣೆ, ಇ-ಕೆವೈಸಿ, ರೇಷನ್ ಕಾರ್ಡಿನ ತಪ್ಪು ಹೆಸರು ಎಂದು ಕೌಂಟರಿನ ಮುಂದೆ ಸಾಲು ನಿಂತ ದಿನ ಆ ಕಚೇರಿಯ ಉಳಿದ ಕಡತಗಳು ಕಾಯುತ್ತವೆ.

ಆ ಉಳಿದ ಕಡತಗಳು ಕಡಿಮೆಯವಲ್ಲ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅಂಗನವಾಡಿಗಳ ಆಡಳಿತವಷ್ಟೇ ಕೆಲಸವೆಂದು ತಿಳಿದವರು ಬಹಳ. ಕರ್ನಾಟಕದಲ್ಲಿ ಅವರು ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು; 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯೂ ಹೌದು. ಹೊಡೆತ ತಿಂದ ಹೆಣ್ಣುಮಗಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದರೆ ಅವಳ ಹೇಳಿಕೆ ಬರೆದುಕೊಂಡು, ಕೌಟುಂಬಿಕ ಘಟನಾ ವರದಿ ತಯಾರಿಸಿ ನ್ಯಾಯಾಲಯಕ್ಕೆ ಕಳುಹಿಸಬೇಕಾದವರು ಅವರೇ. ಮ್ಯಾಜಿಸ್ಟ್ರೇಟರು ಮೂರು ದಿನದೊಳಗೆ ಮೊದಲ ವಿಚಾರಣೆಗೆ ದಿನಾಂಕ ಕೊಡಬೇಕು, ಅರವತ್ತು ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಆಸ್ಪತ್ರೆಯ ನಂಟಿರುವ ಸಖಿ ಕೇಂದ್ರದಲ್ಲಿ ಚಿಕಿತ್ಸೆ, ಪೊಲೀಸ್, ವಕೀಲ, ಸಲಹೆ ಒಂದೇ ಕಡೆ ಸಿಗುತ್ತದೆ, ಐದು ದಿನದವರೆಗೆ ತಂಗಲೂ ಬಹುದು. ಆರನೆಯ ದಿನ ಎಲ್ಲಿಗೆ ಎಂಬ ಪ್ರಶ್ನೆಗೆ ಬಹುತೇಕ ಸಲ ಉತ್ತರ ಅದೇ ಮನೆ.

ಹಾಸನಕ್ಕೆ ಹೋಗುವ ಬಸ್ಸು

ಮಗುವಿನ ವಿಷಯದಲ್ಲಿ ಕೊನೆಯ ಮಾತು ಹೇಳುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗೆ. 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು, ಅವರಲ್ಲಿ ಒಬ್ಬರಾದರೂ ಮಹಿಳೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಿಗಿರುವ ಅಧಿಕಾರ ಈ ಪೀಠಕ್ಕಿದೆ. ದಿಕ್ಕಿಲ್ಲದೆ ಸಿಕ್ಕ ಮಗುವನ್ನು, ದುಡಿಮೆಯಿಂದ ಬಿಡಿಸಿದ ಮಗುವನ್ನು, ಮನೆಯಲ್ಲಿ ಹಿಂಸೆ ಉಂಡ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಇದರ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರುವುದು ಜಿಲ್ಲಾ ಕೇಂದ್ರದಲ್ಲಿ. ರಾಮನಾಥಪುರದ ಕಡೆಯಿಂದ ಹೊರಟವರಿಗೆ ಐವತ್ತು ಕಿಲೋಮೀಟರ್‌ನಷ್ಟು ದಾರಿ, ಒಂದು ದಿನದ ಕೂಲಿ.

ಈ ಕಾಯ್ದೆಯ ಬಗ್ಗೆ ಹಳ್ಳಿಗಳಲ್ಲಿ ಒಂದು ಭಯವಿದೆ: ‘1098ಕ್ಕೆ ಫೋನ್ ಮಾಡಿದರೆ ಮಗುವನ್ನು ಎತ್ತಿಕೊಂಡು ಹೋಗಿ ಬಾಲಮಂದಿರಕ್ಕೆ ಹಾಕುತ್ತಾರೆ.’ ಕಾಯ್ದೆ ಬರೆದವರ ಮನಸ್ಸು ಇದಕ್ಕೆ ಉಲ್ಟಾ. ಮಗುವಿಗೆ ಮೊದಲ ಜಾಗ ಹೆತ್ತವರ ಮನೆ, ಅದಾಗದಿದ್ದರೆ ಬಂಧುಗಳು, ಅದೂ ಇಲ್ಲವೆಂದರೆ ಪೋಷಕ ಕುಟುಂಬ ಇಲ್ಲವೇ ದತ್ತು. ಬಾಲಮಂದಿರ ತೀರಾ ಕೊನೆಯ ದಾರಿ. ಸಾಕಲಾರೆನೆಂದು ಮಗುವನ್ನು ಒಪ್ಪಿಸಿದ ತಾಯಿಗೂ ಮನಸ್ಸು ಬದಲಿಸಿ ವಾಪಸು ಕೇಳಲು ಎರಡು ತಿಂಗಳ ಅವಕಾಶವಿದೆ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶಕ್ಕೆ ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ, ಜಿಲ್ಲಾಧಿಕಾರಿಯೇ ಕೊಡುತ್ತಾರೆ. 1098 ಸಹಾಯವಾಣಿಯನ್ನು ಮೊದಲು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದವು; 2023ರಿಂದ ಸರ್ಕಾರವೇ ನಡೆಸುತ್ತಿದೆ.

ಮಗುವನ್ನು ಮನೆಯಲ್ಲೇ ಉಳಿಸಲು ಇರುವ ಒಂದು ಗಟ್ಟಿ ಸಾಧನ ಪ್ರಾಯೋಜಕತ್ವ. ಗಂಡ ಸತ್ತ ಅಥವಾ ಬಿಟ್ಟುಹೋದ ತಾಯಿ, ಅಜ್ಜಿ ಮನೆಯಲ್ಲಿ ಬೆಳೆಯುವ ಅನಾಥ ಮಗು, ಹಾಸಿಗೆ ಹಿಡಿದ ತಂದೆ, ಇಂಥ ಮನೆಗಳಿಗೆ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ ನಾಲ್ಕು ಸಾವಿರ; ಕೇಂದ್ರದ್ದು ಅರವತ್ತು, ರಾಜ್ಯದ್ದು ನಲವತ್ತು ಪಾಲು. ಹಳ್ಳಿಯಲ್ಲಿ ವಾರ್ಷಿಕ ಆದಾಯ 72 ಸಾವಿರ ಮೀರಿರಬಾರದು, ಅಂದರೆ ತಿಂಗಳಿಗೆ ಆರು ಸಾವಿರ. ಶುಂಠಿ ಹೊಲಕ್ಕೋ ಕಾಫಿ ತೋಟಕ್ಕೋ ನೆಟ್ಟಗೆ ಕೂಲಿಗೆ ಹೋಗುವ ವಿಧವೆ ತಾಯಿ ಆ ಗೆರೆ ದಾಟಿಬಿಡುತ್ತಾಳೆ. ದಾಟಿಲ್ಲವೆಂದು ಪ್ರಮಾಣಪತ್ರ ತರಬೇಕು, ಮರಣಪತ್ರ ತರಬೇಕು, ಶಾಲೆಯ ದಾಖಲೆ, ಜಂಟಿ ಖಾತೆ ತರಬೇಕು. ಬಿಟ್ಟುಹೋದ ಗಂಡನಿಗೆ ಮರಣಪತ್ರ ಎಲ್ಲಿಂದ ಬರಬೇಕು? ಹೊಸದುರ್ಗಕ್ಕೋ ಬೆಂಗಳೂರಿಗೋ ಹೋದವನು ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದ ಮನೆಗಳೇ ಹೆಚ್ಚು ಕಷ್ಟದಲ್ಲಿರುವುದು. ಕೋವಿಡ್ ಹೊತ್ತಿನಲ್ಲಿ ಸರ್ಕಾರ ಈ ಜಡತೆ ಕೊಡವಿ ಎದ್ದದ್ದುಂಟು. 2021ರ ಮೇ ಕೊನೆಯಲ್ಲಿ ಬಾಲ ಸೇವಾ ಯೋಜನೆ ಘೋಷಿಸಿ, ಸೋಂಕಿನಿಂದ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ನಿಗದಿ ಮಾಡಿತು; ಅಂಥ ಮಕ್ಕಳ ಪಟ್ಟಿಗೆ ಅಧಿಕಾರಿಗಳೇ ಹುಡುಕಿಕೊಂಡು ಹೊರಟರು. ಕ್ಯಾನ್ಸರ್‌ನಿಂದಲೋ ಅಪಘಾತದಿಂದಲೋ ತಂದೆ ಕಳೆದುಕೊಂಡ ಮಗುವನ್ನು ಹಾಗೆ ಹುಡುಕಿಕೊಂಡು ಹೋಗಬಾರದೇಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಬಾಲ್ಯವಿವಾಹದಲ್ಲಿ ಕಾಗದ ಮತ್ತು ಕಾಲ್ನಡಿಗೆಯ ಅಂತರ ಇನ್ನೂ ಢಾಳು. ಅದನ್ನು ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2016ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು; ಕೇಂದ್ರದ ಕಾಯ್ದೆ ಅದನ್ನು ರದ್ದುಪಡಿಸಲು ಬರುವ ಮದುವೆ ಎಂದಷ್ಟೇ ನೋಡಿತ್ತು. ತಹಶೀಲ್ದಾರರಿಂದ ಹಿಡಿದು ಪಿಡಿಒ, ಮುಖ್ಯಶಿಕ್ಷಕರವರೆಗೆ ಎಷ್ಟೋ ಜನರಿಗೆ ತಡೆಯುವ ಅಧಿಕಾರವಿದೆ. ಆದರೂ 20ರಿಂದ 24ರ ಹರೆಯದ ಹೆಂಗಸರಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು ನಾಲ್ಕನೇ ಸುತ್ತಿನ ಸಮೀಕ್ಷೆಯಲ್ಲಿ ಶೇ 21.4, ಐದನೆಯದರಲ್ಲಿ ಶೇ 21.3. ಲಗ್ನಪತ್ರಿಕೆ ಅಚ್ಚಾದ ಮೇಲೆ, ಚಪ್ಪರ ಎದ್ದ ಮೇಲೆ ಜೀಪು ಬರುತ್ತದೆ. ಮದುವೆ ನಿಲ್ಲುತ್ತದೆ, ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಜಾಣ ಮನೆಯವರು ತಿಂಗಳೊಪ್ಪತ್ತು ಬಿಟ್ಟು ಜಿಲ್ಲೆಯ ಗಡಿ ದಾಟಿದ ದೇವಸ್ಥಾನದಲ್ಲಿ ಮುಗಿಸಿ ಬರುತ್ತಾರೆ. ಅರಕಲಗೂಡಿನ ಒಂದು ಮಗ್ಗುಲಿಗೆ ಕೊಡಗು, ಇನ್ನೊಂದಕ್ಕೆ ಮೈಸೂರು, ಗಡಿಗೆ ಬರವಿಲ್ಲ. ಆ ಸಂಬಂಧದ ಮಾತು ಮೊದಲು ಕಿವಿಗೆ ಬಿದ್ದ ಟೀಚರ್ ಯಾಕೆ ಬಾಯಿ ಬಿಡಲಿಲ್ಲ ಎಂದು ಕಚೇರಿಯಲ್ಲಿ ಗದರಿಸುವುದು ಸುಲಭ. ಅವರು ಅದೇ ಕೇರಿಯಲ್ಲಿ ನೀರು ಹಿಡಿಯಬೇಕು, ಅದೇ ಮನೆಯ ಕೂಸನ್ನು ನಾಳೆಯೂ ತೂಗಬೇಕು. ಹೆಸರು ಹೊರಬಿದ್ದರೆ ಅವರ ಬೆನ್ನಿಗೆ ನಿಲ್ಲುವ ಇಲಾಖೆ ಎಷ್ಟು ಹೊತ್ತಿಗೆ ಬರುತ್ತದೆ?

ಅವರಿಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ. ಕೇಂದ್ರ ಲೆಕ್ಕ ಹಾಕುವ 4,500 ರೂಪಾಯಿ 2018ರ ಅಕ್ಟೋಬರ್‌ನಿಂದ ಅಲ್ಲಾಡಿಲ್ಲ. ಮೇಲಿನದನ್ನು ರಾಜ್ಯ ಸೇರಿಸುತ್ತದೆ. ಸೇರಿಸಿದ್ದೂ ಸುಮ್ಮನೆ ಅಲ್ಲ. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿನ ರಸ್ತೆಯ ಮೇಲೆ ಹಗಲುರಾತ್ರಿ ಮಲಗಿದ ಮೇಲೆ ಮೊತ್ತ ಏರಿತು. 2025ರ ಬಜೆಟ್ ಕಾರ್ಯಕರ್ತೆಗೆ ಇನ್ನೊಂದು ಸಾವಿರ, ಸಹಾಯಕಿಗೆ 750 ಸೇರಿಸಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇವರಿಗೆ ಗ್ರಾಚ್ಯುಟಿ ಕೊಡಬೇಕೆಂದು ತೀರ್ಪಿತ್ತಿತು. ನೌಕರರೆಂಬ ಮಾತು ಇನ್ನೂ ಬಂದಿಲ್ಲ. ಈ ನಡುವೆ ಎಲ್‌ಕೆಜಿ ಶಾಲಾ ಇಲಾಖೆಗೋ ಅಂಗನವಾಡಿಗೋ ಎಂಬ ಹಗ್ಗಜಗ್ಗಾಟ ಬೇರೆ. 2024ರಲ್ಲಿ ಕೆಲವು ಅಂಗನವಾಡಿಗಳಲ್ಲೇ ಅದನ್ನು ಆರಂಭಿಸಿ ಸದ್ಯಕ್ಕೆ ಸಮಾಧಾನ ಮಾಡಲಾಯಿತು.

ಬಾಗಿಲಿನ ಹತ್ತಿರ ಬರುವ ಪ್ರಯತ್ನಗಳು ಇಲ್ಲವೆಂದಲ್ಲ. ನರೇಗಾ ಕೂಲಿಯವರ ಎಳೆಗೂಸುಗಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರಲ್ಲಿ ಸರ್ಕಾರ ಹೇಳಿತು. ಹೊಗೆಸೊಪ್ಪಿನ ಊರಿಗೆ ಇದಕ್ಕಿಂತ ಬೇಕಾದ್ದು ಇನ್ನೊಂದಿಲ್ಲ, ಆದರೆ ಬ್ಯಾರನ್ ಕೆಲಸ ನರೇಗಾ ಕೆಲಸವಲ್ಲ. ಇನ್ನೊಂದು ಮಕ್ಕಳ ಗ್ರಾಮಸಭೆ. ಕುಂದಾಪುರದ ಕೆರಾಡಿಯಂಥ ಕಡೆ 1990ರ ದಶಕದಲ್ಲಿ ನಡೆದ ಮಕ್ಕಳ ಪಂಚಾಯಿತಿಯ ಅನುಭವ ಈ ಪದ್ಧತಿಗೆ ದಾರಿ ಮಾಡಿತು. ಇತ್ತೀಚಿನ ವರ್ಷಗಳಲ್ಲಿ ನವೆಂಬರ್ 14ರಿಂದ ಜನವರಿ 24ರ ನಡುವೆ ಪ್ರತಿ ಪಂಚಾಯಿತಿಯೂ ಇದನ್ನು ನಡೆಸಬೇಕು. ಕೆಲವೆಡೆ ಇದು ಹಾರ, ಭಾಷಣ, ಬಿಸ್ಕತ್ತಿಗೆ ಮುಗಿಯುತ್ತದೆ. ಕೆಲವೆಡೆ ಮಕ್ಕಳು ಮೈಕು ಹಿಡಿದು ಶಾಲೆಗೆ ಶೌಚಾಲಯ ಯಾಕಿಲ್ಲ, ಬಸ್ಸು ಯಾಕೆ ನಿಲ್ಲುವುದಿಲ್ಲ, ಶಾಲೆಯ ಪಕ್ಕದ ಅಂಗಡಿಯಲ್ಲಿ ಹೆಂಡ ಯಾಕೆ ಮಾರುತ್ತಾರೆ ಎಂದು ಕೇಳಿ ಹಿರಿಯರ ತಲೆ ತಗ್ಗಿಸುತ್ತಾರೆ. ಕೇಳಿದ್ದೆಲ್ಲ ನಡಾವಳಿಯಲ್ಲಿ ದಾಖಲಾಗಬೇಕು, ಮುಂದಿನ ವರ್ಷದ ಸಭೆಯಲ್ಲಿ ಅನುಪಾಲನಾ ವರದಿ ಓದಬೇಕು. ಆ ನಡಾವಳಿಯ ಪ್ರತಿಯನ್ನು ಊರಿನ ಯಾರೂ ಕೇಳಿ ಪಡೆಯಬಹುದು. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಸಾಕು.